ಅಪ್ಪನಿಗೆ ನಿಜವಾದ ಎಲೆಯಲ್ಲಿ ಸಾಲಿಟೇರ್ ಆಡಬೇಕಂತೆ. ಎಲೆ ಹಾಕೋದು ಹೇಗೆ?

ಹಾಸನದ ಹುಡುಗ
ಎಲ್ಲರಿಗೂ ನಮಸ್ಕಾರ. ಅಪ್ಪ ನಿವೃತ್ತರಾಗಿ ಎರಡು ವರ್ಷವಾಯಿತು. ಮೊಬೈಲಿನಲ್ಲಿ ಸಾಲಿಟೇರ್ ಆಡುವುದು ಅಭ್ಯಾಸವಾಗಿಬಿಟ್ಟಿತ್ತು. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದೆವು. ಸ್ವಲ್ಪ ದಿನ ಫೋನ್ ನೋಡುವುದು ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರು. ಈಗ ಮನೆಯಲ್ಲಿ ಒಂದೇ ಚಡಪಡಿಕೆ.

ಬೀರುವಿನಲ್ಲಿ ಒಂದು ಇಸ್ಪೀಟ್ ಪ್ಯಾಕ್ ಇದೆ. ಯುಗಾದಿ ದಿನ ಬಿಟ್ಟರೆ ಹೊರಗೆ ಬರುವುದಿಲ್ಲ. ಅದರಲ್ಲೇ ಆಡೋಣ ಅಂತ ಕೂತರೆ ಇಬ್ಬರಿಗೂ ಎಲೆ ಹಾಕುವುದೇ ಗೊತ್ತಿಲ್ಲ! ಇಷ್ಟು ವರ್ಷ ಫೋನೇ ಹಾಕಿಕೊಡುತ್ತಿತ್ತು, ತಪ್ಪು ಮಾಡಿದರೆ ಅದೇ ತಡೆಯುತ್ತಿತ್ತು. ಯಾರಾದರೂ ಮೊದಲಿಂದ ಹೇಳಿಕೊಡುತ್ತೀರಾ? ಏಳು ಸಾಲು ಇರುತ್ತದಲ್ಲ, ಆ ಆಟ.

ಎಲೆ ಅಡಿಕೆ
ಎಲೆ ಅಂತ ನೋಡಿ ಓಡಿ ಬಂದೆ. ಇದು ಬೇರೆ ಎಲೆ. ಇರಲಿ, ಕೂತಿರುತ್ತೇನೆ.

ಮೇಷ್ಟ್ರು
ನೀವು ಹೇಳುತ್ತಿರುವ ಆಟದ ಹೆಸರು ಕ್ಲಾಂಡೈಕ್. ಸಾಲಿಟೇರ್ ಅಂದರೆ ಒಬ್ಬರೇ ಆಡುವ ಎಲ್ಲಾ ಆಟಗಳಿಗೂ ಹೇಳುವ ಹೆಸರು, ಅದರಲ್ಲಿ ನೂರಾರು ಬಗೆ ಇದೆ. ಕೆನಡಾದ ಯೂಕಾನ್ ಕಡೆ ಕ್ಲಾಂಡೈಕ್ ಅಂತ ಒಂದು ಪ್ರದೇಶವಿದೆ. 1896ರಲ್ಲಿ ಅಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. ಆಟದ ಹೆಸರೂ ಅದೇ.

ಸರಿ, ಕೂತ್ಕೊಳ್ಳಿ. ಮೊದಲು ಜೋಕರ್ ತೆಗೆದಿಡಿ. 52 ಎಲೆ ಇದೆಯಾ ಎಣಿಸಿ. ರಮ್ಮಿಗೆ ಅಂತ ಎರಡು ಪ್ಯಾಕ್ ಬೆರೆಸಿಟ್ಟಿದ್ದರೆ ಬೇರೆ ಮಾಡಿ. ಚೆನ್ನಾಗಿ ಕಲೆಸಿ.

ಈಗ ಎಡದಿಂದ ಬಲಕ್ಕೆ ಏಳು ಸಾಲು. ಮೊದಲು ಒಂದು ಎಲೆ ಅಂಗಾತ ಇಡಿ. ಅದರ ಪಕ್ಕ ಆರು ಎಲೆ ಬೋರಲು. ಮತ್ತೆ ಎರಡನೇ ಸಾಲಿಗೆ ಬನ್ನಿ, ಅಲ್ಲಿರುವ ಬೋರಲು ಎಲೆಯ ಮೇಲೆ ಒಂದು ಅಂಗಾತ, ಉಳಿದ ಐದರ ಮೇಲೆ ಒಂದೊಂದು ಬೋರಲು. ಹೀಗೇ ಮುಂದುವರಿಸಿ. ಮುಗಿದಾಗ ಮೊದಲ ಸಾಲಲ್ಲಿ ಒಂದು, ಎರಡನೆಯದರಲ್ಲಿ ಎರಡು, ಏಳನೆಯದರಲ್ಲಿ ಏಳು ಎಲೆ ಇರಬೇಕು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ತೋರಿಸುತ್ತಿರಬೇಕು. ಒಟ್ಟು 28 ಎಲೆ ಕೆಳಗೆ ಹೋಯಿತು. ಉಳಿದ 24 ಕೈಯಲ್ಲಿನ ಕಟ್ಟು.

ಮೇಲುಗಡೆ ನಾಲ್ಕು ಎಲೆ ಹಿಡಿಸುವಷ್ಟು ಜಾಗ ಖಾಲಿ ಬಿಡಿ. ಅದನ್ನು ಮನೆ ಅನ್ನೋಣ. ಒಂದೊಂದು ಜಾತಿಗೆ ಒಂದೊಂದು ಮನೆ. ಎಕ್ಕ ಸಿಕ್ಕರೆ ಮನೆಗೆ ಹೋಗುತ್ತದೆ. ಅದರ ಮೇಲೆ ಅದೇ ಜಾತಿಯ ಎರಡು, ಮೂರು, ನಾಲ್ಕು, ಹೀಗೆ ಗುಲಾಮ, ರಾಣಿ, ರಾಜನವರೆಗೆ. ನಾಲ್ಕೂ ಮನೆಯಲ್ಲಿ ರಾಜ ಕೂತರೆ ಗೆದ್ದಿರಿ.

ಕೆಳಗಿನ ಸಾಲುಗಳಲ್ಲಿ ಇದರ ಉಲ್ಟಾ. ದೊಡ್ಡದರ ಮೇಲೆ ಒಂದು ಚಿಕ್ಕದು, ಬಣ್ಣ ಬದಲಾಗಬೇಕು. ಕಪ್ಪು ಒಂಬತ್ತರ ಮೇಲೆ ಕೆಂಪು ಎಂಟು, ಕೆಂಪು ಎಂಟರ ಮೇಲೆ ಕಪ್ಪು ಏಳು. ಆಟೀನ್ ಮತ್ತು ಡೈಮಂಡ್ ಕೆಂಪು, ಇಸ್ಪೀಟ್ ಮತ್ತು ಕಳಾವರ್ ಕಪ್ಪು. ಎಲೆ ಸರಿಸಿದಾಗ ಕೆಳಗಿನ ಬೋರಲು ಎಲೆ ಮೇಲೆ ಬಂದರೆ ಅದನ್ನು ಮಗುಚಿ. ಇಡೀ ಆಟದ ಜೀವ ಇರುವುದೇ ಆ ಮಗುಚುವುದರಲ್ಲಿ.

ಸರಿಸಲು ಏನೂ ಇಲ್ಲದಾಗ ಕಟ್ಟಿನಿಂದ ಎಲೆ ತೆರೆಯಿರಿ.

ಹಾಸನದ ಹುಡುಗ
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನೀವು ಬರೆದದ್ದನ್ನು ಓದಿ ಹೇಳುತ್ತಾ ಹೋದೆ, ಅಪ್ಪ ಹಾಕಿದರು. ಏಳು ಸಾಲು ಬಂತು. ಖುಷಿಯೋ ಖುಷಿ.

ಮೂರು ಅನುಮಾನ. ಕಟ್ಟಿನಿಂದ ಒಂದೊಂದೇ ಎಲೆ ತೆರೆಯಬೇಕಾ, ಮೂರು ಮೂರಾ? ಒಂದು ಸಾಲು ಪೂರ್ತಿ ಖಾಲಿಯಾದರೆ ಅಲ್ಲಿ ಯಾವ ಎಲೆ ಬೇಕಾದರೂ ಇಡಬಹುದಾ? ಮನೆಗೆ ಹೋದ ಎಲೆ ಮತ್ತೆ ಕೆಳಗೆ ಬರಬಹುದಾ?

ತುಂಗೆ ತೀರ
ಖಾಲಿ ಜಾಗಕ್ಕೆ ರಾಜ ಮಾತ್ರ ಬರಬೇಕು. ಅಥವಾ ರಾಜನಿಂದ ಶುರುವಾಗುವ ಜೋಡಣೆ. ಬೇರೆ ಯಾರಿಗೂ ಪ್ರವೇಶವಿಲ್ಲ.

ಮನೆಯಿಂದ ಕೆಳಗೆ ತರಬಹುದು. ನಾವು ಹಾಗೇ ಆಡುತ್ತೇವೆ. ಕೆಲವರು ಒಪ್ಪುವುದಿಲ್ಲ. ಆಡುವವರು ಒಬ್ಬರೇ, ಜಗಳಕ್ಕೆ ಯಾರಿದ್ದಾರೆ? ಶುರುವಿಗೆ ಮೊದಲೇ ತೀರ್ಮಾನ ಮಾಡಿಕೊಂಡರೆ ಸಾಕು, ನಡುವೆ ಬದಲಾಯಿಸಬಾರದು.

ಇನ್ನೊಂದು. ತೆರೆದಿರುವ ಜೋಡಣೆಯನ್ನು ಒಟ್ಟಿಗೇ ಎತ್ತಿ ಸರಿಸಬಹುದು. ಕೆಂಪು ಎಂಟು, ಕಪ್ಪು ಏಳು, ಕೆಂಪು ಆರು ಸೇರಿಕೊಂಡಿದ್ದರೆ ಮೂರನ್ನೂ ಹಾಗೇ ಎತ್ತಿ ಕಪ್ಪು ಒಂಬತ್ತರ ಮೇಲೆ ಇಡಿ. ಬೇಕಾದರೆ ಕೊನೆಯ ಒಂದನ್ನೋ ಎರಡನ್ನೋ ಮಾತ್ರ ಎತ್ತಬಹುದು.

ನೈಟ್ ಶಿಫ್ಟ್
ಒಂದೊಂದೇ ತೆರೆಯುವುದು ಮಕ್ಕಳಾಟ. ಮೂರು ಮೂರು ತೆರೆಯಿರಿ, ಆಗ ಗೊತ್ತಾಗುತ್ತೆ ಮಜಾ.

ತುಂಗೆ ತೀರ
ಅಯ್ಯೋ, ಕಣ್ಣಿನ ಆಪರೇಷನ್ ಆದವರಿಗೆ ಮೊದಲ ದಿನವೇ ಯಾಕೆ ಪರೀಕ್ಷೆ? ಒಂದೊಂದೇ ತೆರೆದು ಆಡಲಿ ಬಿಡಿ.

ಮೇಷ್ಟ್ರು
ಎರಡೂ ಸರಿ. ಆದರೆ ಮೂರು ಮೂರು ತೆರೆಯುವ ಆಟ ಎಷ್ಟು ಚೆನ್ನಾಗಿದೆ ಅಂತ ಹೇಳದೆ ಇರಲಾರೆ.

ಮೂರು ಎಲೆ ಒಟ್ಟಿಗೆ ಮಗುಚಿದರೆ ಮೇಲಿನದು ಮಾತ್ರ ಆಡಲು ಸಿಗುತ್ತದೆ. ಅದನ್ನು ಆಡಿದರೆ ಅದರ ಕೆಳಗಿನದು. ಕಟ್ಟಿನಲ್ಲಿ 24 ಎಲೆ. ಮೊದಲ ಸುತ್ತಿನಲ್ಲಿ ಮೇಲೆ ಬರುವುದು 3ನೆಯದು, 6ನೆಯದು, 9ನೆಯದು, ಹೀಗೆ 24ನೆಯದರವರೆಗೆ ಎಂಟು ಎಲೆ. ಒಂದನ್ನೂ ಮುಟ್ಟದೆ, ಕಲೆಸದೆ, ಹಾಗೇ ತಿರುಗಿಸಿ ಮತ್ತೆ ತೆರೆದರೆ ಅದೇ ಎಂಟು ಎಲೆ ಬರುತ್ತವೆ. ನೂರು ಸಲ ತಿರುಗಿಸಿದರೂ ಅಷ್ಟೆ.

ಆದರೆ 6ನೆಯದನ್ನು ಮಾತ್ರ ಆಡಿದಿರಿ ಅನ್ನಿ. ಮುಂದಿನ ಸುತ್ತಿನಲ್ಲಿ 3 ಬರುತ್ತದೆ, ಆಮೇಲೆ 7, 10, 13, 16... ಎಲ್ಲಾ ಒಂದೊಂದು ಹೆಜ್ಜೆ ಸರಿದುಬಿಟ್ಟವು! ಇನ್ನೊಂದನ್ನು ಆಡಿದರೆ ಅದರಾಚೆಯವು ಮತ್ತೆ ಒಂದು ಹೆಜ್ಜೆ ಸರಿಯುತ್ತವೆ. ಹಿಂದೆಮುಂದೆ ನೋಡದೆ ಒಂದೇ ಸುತ್ತಿನಲ್ಲಿ ಮೂರು ಎಲೆ ಆಡಿಬಿಟ್ಟರೆ ಆಚೆ ಕಡೆ ಮತ್ತೆ ಹಳೆಯ ಎಲೆಗಳೇ ಮುಖ ತೋರಿಸುತ್ತವೆ. ಹಾಗಾಗಿ ಬೇಕಾದ ಎಲೆ ಕೆಳಗೆ ಸಿಕ್ಕಿಕೊಂಡಿದ್ದರೆ, ಅದಕ್ಕಿಂತ ಮೊದಲು ಎಷ್ಟು ಎಲೆ ತೆಗೆದರೆ ಅದು ಮೇಲೆ ಬರುತ್ತದೆ ಅಂತ ಲೆಕ್ಕ ಹಾಕಬಹುದು. ಆಡಲು ಬಂದ ಎಲೆಯನ್ನು ಬೇಕಂತಲೇ ಬಿಡುವುದೂ ಒಂದು ಚಾಲು. ಫೋನಿನಲ್ಲಿ ಬೆರಳು ಒತ್ತುತ್ತಾ ಹೋಗುವಾಗ ಇದು ಯಾರಿಗೂ ಕಾಣುವುದಿಲ್ಲ. ಕೈಯಲ್ಲಿ ಕಟ್ಟು ಹಿಡಿದಾಗ ಕಾಣುತ್ತದೆ.

ಎಷ್ಟು ಸುತ್ತು ಅನ್ನುವುದಕ್ಕೆ ಮಿತಿ ಬೇಡ. ಕೆಲವರು ಮೂರೇ ಸುತ್ತು ಅಂತಾರೆ. ಅದು ತುಂಬಾ ಬಿಗಿ.

ಡಬ್ಲಿನ್ ಕನ್ನಡತಿ
ಇಲ್ಲಿ ಹಳಬರು ಇದನ್ನು ಪೇಷನ್ಸ್ ಅಂತಾರೆ. ತಾಳ್ಮೆ! ನಮ್ಮ ಪಕ್ಕದ ಮನೆ ಅಜ್ಜಿ ರಾತ್ರಿ ಊಟವಾದ ಮೇಲೆ ಹಸಿರು ಬಟ್ಟೆ ಹಾಸಿ ಕೂರುತ್ತಾರೆ. ಸಾಲಿಟೇರ್ ಅಂದರೆ ಅವರಿಗೆ ಒಂಟಿ ವಜ್ರದ ಉಂಗುರ ನೆನಪಾಗುತ್ತಂತೆ, ಅದಕ್ಕೂ ಅದೇ ಹೆಸರು.

ಎಲೆ ಅಡಿಕೆ
ನಮ್ಮಲ್ಲಿ ಇಸ್ಪೀಟು ಅಂದರೆ ಪೊಲೀಸರು ನೆನಪಾಗುತ್ತಾರೆ.

ನೈಟ್ ಶಿಫ್ಟ್
ನನಗಂತೂ ಕಾಲೇಜಿನ ಕಂಪ್ಯೂಟರ್ ಲ್ಯಾಬ್. ಗೆದ್ದಾಗ ಎಲೆಗಳು ಚೆಂಡಿನ ಹಾಗೆ ಕುಪ್ಪಳಿಸಿಕೊಂಡು ಸ್ಕ್ರೀನ್ ತುಂಬಾ ಹರಿಯುತ್ತಿದ್ದವಲ್ಲ! ಅದು ಬಂದದ್ದು 1990ರಲ್ಲಿ, ವಿಂಡೋಸ್ 3.0 ಜೊತೆ. ಬರೆದವನು ವೆಸ್ ಚೆರ್ರಿ, ಆಗ ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್ ಆಗಿದ್ದ ಹುಡುಗ. ಎಲೆಗಳ ಚಿತ್ರ ಮಾಡಿದವರು ಸೂಸನ್ ಕೇರ್, ಆ್ಯಪಲ್ ಮ್ಯಾಕಿನ ಐಕಾನ್‌ಗಳನ್ನು ಬರೆದವರೇ. ಮೌಸ್ ಹಿಡಿಯುವುದೇ ಗೊತ್ತಿಲ್ಲದ ಕಾಲ, ಎಳೆದು ಬಿಡುವುದನ್ನು ಎಷ್ಟೋ ಜನ ಕಲಿತದ್ದು ಇದರಿಂದ.

2006ರಲ್ಲಿ ನ್ಯೂಯಾರ್ಕ್ ಮೇಯರ್ ಬ್ಲೂಮ್‌ಬರ್ಗ್ ಒಬ್ಬ ನೌಕರನ ಸ್ಕ್ರೀನಿನಲ್ಲಿ ಈ ಆಟ ನೋಡಿ ಕೆಲಸದಿಂದಲೇ ತೆಗೆದುಬಿಟ್ಟರು. ನಿಮ್ಮಪ್ಪ ನಿವೃತ್ತರು, ಯೋಚನೆ ಇಲ್ಲ.

ಅಗ್ರಹಾರ ಸರ್ಕಲ್
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಬೈಯಬೇಡಿ. ಒಬ್ಬರೇ ಕೂತು ಆಡುವುದು ನಮಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ರಚಿಸಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ಆಟಗಳನ್ನೂ ಬರೆಸಿದ್ದಾರೆ. ಗಂಜೀಫಾ ಎಲೆ ದುಂಡಗಿರುತ್ತೆ, ದೇವರ ಚಿತ್ರ ಇರುತ್ತೆ.

ತುಂಗೆ ತೀರ
ಯಾರೂ ಬೈಯಲ್ಲ. ಆದರೆ ಆ ಎಲೆಯಲ್ಲಿ ಕ್ಲಾಂಡೈಕ್ ಆಡೋಕೆ ಹೋದರೆ ದಶಾವತಾರ ಕಲೆಸಿ ಹೋಗುತ್ತೆ.

ಹಾಸನದ ಹುಡುಗ
ಎರಡು ದಿನವಾಯಿತು. ಅಪ್ಪ ಮೂರು ಮೂರು ಎಲೆಯ ಆಟವನ್ನೇ ಹಿಡಿದಿದ್ದಾರೆ, ನೈಟ್ ಶಿಫ್ಟ್ ಅವರ ಮಾತು ನಾಟಿಬಿಟ್ಟಿತು. ಊಟದ ಟೇಬಲ್ ಅವರದೇ. ನಾವು ನೆಲದ ಮೇಲೆ ಊಟ ಮಾಡುತ್ತಿದ್ದೇವೆ.

ಇನ್ನೂ ಗೆದ್ದಿಲ್ಲ. ಫೋನಿನಲ್ಲಿ ದಿನಕ್ಕೆ ಒಂದೆರಡು ಸಲವಾದರೂ ಗೆಲ್ಲುತ್ತಿದ್ದರು. ಏನಾದರೂ ಉಪಾಯ ಇದ್ದರೆ ಹೇಳಿ.

ತುಂಗೆ ತೀರ
ಫೋನಿನ ಆಟಗಳಲ್ಲಿ ಗೆಲ್ಲಲು ಸಾಧ್ಯವಿರುವ ಹಂಚಿಕೆಯನ್ನೇ ಆರಿಸಿ ಕೊಡುವುದುಂಟು. ಹಿಂದಕ್ಕೆ ಹೋಗುವ ಬಟನ್ ಬೇರೆ. ಕೈಯಲ್ಲಿ ಅದೆಲ್ಲಾ ಇಲ್ಲ.

ನಾನು ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಹೊಸಬರು ಮಾಡುವ ದೊಡ್ಡ ತಪ್ಪು ಏನು ಗೊತ್ತಾ? ಎಲೆ ಸಿಕ್ಕ ತಕ್ಷಣ ಮನೆಗೆ ಏರಿಸುವುದು. ಎಕ್ಕ ಮತ್ತು ಎರಡನ್ನು ಕಣ್ಣುಮುಚ್ಚಿ ಏರಿಸಿ. ಮೂರರಿಂದ ಮುಂದೆ ಯೋಚನೆ ಮಾಡಿ. ಆಟೀನ್ ಐದನ್ನು ಮನೆಗೆ ಕಳಿಸಿಬಿಟ್ಟರೆ, ಆಮೇಲೆ ಕಪ್ಪು ನಾಲ್ಕು ಬಂದಾಗ ಕೂರಲು ಜಾಗವಿರುವುದಿಲ್ಲ. ಆ ನಾಲ್ಕರ ಕೆಳಗೇ ನಿಮಗೆ ಬೇಕಾದದ್ದು ಇರುತ್ತೆ. ಯಾವಾಗಲೂ ಹೀಗೇ!

ನನ್ನ ಅಳತೆ ಇದು. ಒಂದು ಕೆಂಪು ಎಲೆ ಏರಿಸುವ ಮುಂಚೆ ಅದಕ್ಕಿಂತ ಒಂದು ಕಡಿಮೆಯ ಎರಡೂ ಕಪ್ಪು ಎಲೆ ಮನೆ ಸೇರಿವೆಯಾ ನೋಡುತ್ತೇನೆ. ಸೇರಿದ್ದರೆ ಆ ಕೆಂಪು ಎಲೆಯಿಂದ ಕೆಳಗೆ ಯಾರಿಗೂ ಉಪಯೋಗವಿಲ್ಲ, ಧೈರ್ಯವಾಗಿ ಏರಿಸಬಹುದು. ಸೇರದಿದ್ದರೆ ಏರಿಸುವುದರಿಂದ ಏನು ಲಾಭ ಅಂತ ಕೇಳಿಕೊಳ್ಳಿ. ಒಂದು ಬೋರಲು ಎಲೆ ತೆರೆದುಕೊಂಡರೆ ಏರಿಸಿ.

ಮೇಷ್ಟ್ರು
ಒಪ್ಪಿದೆ. ನನ್ನ ಕಡೆಯಿಂದ ಎರಡು ಮಾತು.

ಒಂದು, ಸಾಲು ಖಾಲಿ ಮಾಡುವ ಆತುರ ಬೇಡ. ರಾಜ ಕೈಗೆ ಸಿಗುವ ಹಾಗಿಲ್ಲದಿದ್ದರೆ ಖಾಲಿ ಜಾಗ ಸುಮ್ನೆ ಬಿದ್ದಿರುತ್ತದೆ. ರಾಜ ಇಬ್ಬರು ಸಿಕ್ಕರೆ ಯಾರನ್ನು ಕೂರಿಸಬೇಕು? ರಾಣಿ ನೋಡಿ ಹೇಳಿ. ಕೆಂಪು ರಾಣಿ ಒಂದು ಸಾಲನ್ನು ಅಡ್ಡಗಟ್ಟಿ ಕೂತಿದ್ದರೆ ಕಪ್ಪು ರಾಜ ಬರಬೇಕು.

ಎರಡು, ಒಂದೇ ಎಲೆಯನ್ನು ಎರಡು ಕಡೆಯಿಂದ ಆಡಬಹುದು ಅನ್ನಿ, ಕಟ್ಟಿನಲ್ಲೊಂದು ಕಪ್ಪು ಏಳು, ಸಾಲಿನಲ್ಲೊಂದು ಕಪ್ಪು ಏಳು. ಸಾಲಿನದನ್ನೇ ಆಡಿ, ಅದರ ಕೆಳಗೆ ಬೋರಲು ಎಲೆ ಇದೆ. ಕಟ್ಟಿನದು ಎಲ್ಲಿಗೂ ಓಡಿಹೋಗುವುದಿಲ್ಲ. ಬೋರಲು ಎಲೆ ಜಾಸ್ತಿ ಇರುವುದು ಬಲಗಡೆ, ಆರನೇ ಮತ್ತು ಏಳನೇ ಸಾಲಿನಲ್ಲಿ. ಎಡಗಡೆ ಚಿಕ್ಕ ಸಾಲುಗಳ ಜೊತೆ ಆಟವಾಡಿಕೊಂಡು ಅವನ್ನು ಮರೆತರೆ ಕೊನೆಗೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಸೀಬೆಮರ
ನನ್ನ ಮಗಳಿಗೆ ಏಳು ವರ್ಷ. ಇದೆಲ್ಲಾ ಅವಳಿಗೆ ಕಷ್ಟ. ಚಿಕ್ಕವರಿಗೆ ಯಾವುದಾದರೂ ಇದೆಯಾ? ಒಂದೇ ಪ್ಯಾಕಿನದು.

ಡಬ್ಲಿನ್ ಕನ್ನಡತಿ
ಗಡಿಯಾರದ ಆಟ ಕಲಿಸಿ! ನಾಲ್ಕು ನಾಲ್ಕು ಎಲೆಯ 13 ಗುಡ್ಡೆ, ಎಲ್ಲಾ ಬೋರಲು. ಹನ್ನೆರಡು ಗುಡ್ಡೆ ಗಡಿಯಾರದ ಅಂಕಿಗಳ ಹಾಗೆ ಸುತ್ತ, ಒಂದು ನಡುವೆ. ನಡುವಿನ ಗುಡ್ಡೆಯ ಮೇಲಿನ ಎಲೆ ತೆರೆಯಿರಿ. ಐದು ಬಂದರೆ ಐದು ಗಂಟೆಯ ಗುಡ್ಡೆಯ ಕೆಳಗೆ ಅಂಗಾತ ತೂರಿಸಿ, ಆ ಗುಡ್ಡೆಯ ಮೇಲಿನದನ್ನು ತೆರೆಯಿರಿ. ಎಕ್ಕಕ್ಕೆ ಒಂದು ಗಂಟೆ, ಗುಲಾಮನಿಗೆ 11, ರಾಣಿಗೆ 12, ರಾಜ ನಡುವೆ. ನಾಲ್ಕನೇ ರಾಜ ಬಂದರೆ ಆಟ ಮುಗೀತು. ಅಷ್ಟರಲ್ಲಿ ಉಳಿದ ಎಲ್ಲಾ ಎಲೆ ತೆರೆದಿದ್ದರೆ ಗೆಲುವು.

ಮೇಷ್ಟ್ರು
ಅದರಲ್ಲಿ ಯೋಚನೆ ಮಾಡಲು ಏನೂ ಇಲ್ಲ, ಎಲೆ ಹೇಳಿದ ಕಡೆ ಹೋಗುವುದು ಅಷ್ಟೆ. ಗೆಲ್ಲಬೇಕಾದರೆ ತೆರೆಯುವ ಕಟ್ಟಕಡೆಯ ಎಲೆ ರಾಜನೇ ಆಗಿರಬೇಕು. 13 ಬಗೆಯ ಎಲೆಯಲ್ಲಿ ರಾಜ ಒಂದು ಬಗೆ. ಹಾಗಾಗಿ 13 ಆಟಕ್ಕೆ ಸರಾಸರಿ ಒಂದು ಗೆಲುವು. ಮಕ್ಕಳಿಗೆ ಅಂಕಿ ಕಲಿಸಲು ಒಳ್ಳೆಯದು.

ಸೀಬೆಮರ
ಮೂರನೇ ಆಟಕ್ಕೇ ಗೆದ್ದಳು. ಈಗ ನನಗೆ ಬುದ್ಧಿ ಹೇಳುತ್ತಿದ್ದಾಳೆ.

ಹಾಸನದ ಹುಡುಗ
ಒಂಬತ್ತು ದಿನ. ಅಪ್ಪ ಒಂದು ಹಳೆ ಡೈರಿಯಲ್ಲಿ ಲೆಕ್ಕ ಬರೆದಿಡುತ್ತಿದ್ದಾರೆ. 41 ಆಟ, 41 ಸೋಲು. ನೀವೆಲ್ಲಾ ಹೇಳಿದ ಹಾಗೇ ಆಡುತ್ತಿದ್ದಾರೆ, ನಾನೇ ಪಕ್ಕ ಕೂತು ನೋಡಿದ್ದೇನೆ. ಬೇಗ ಏರಿಸುವುದಿಲ್ಲ, ದೊಡ್ಡ ಸಾಲು ಮೊದಲು ತೆರೆಯುತ್ತಾರೆ. ನಿನ್ನೆ ರಾತ್ರಿ ಬೇಜಾರಾಗಿ "ನನ್ನ ತಲೆ ಓಡುತ್ತಿಲ್ಲ, ವಯಸ್ಸಾಯಿತು" ಅಂದರು. ಇದು ನನಗೆ ಹಿಡಿಸಲಿಲ್ಲ. ನಿಜವಾಗಿ ಈ ಆಟ ಎಷ್ಟು ಸಲ ಗೆಲ್ಲಬಹುದು?

ಮೇಷ್ಟ್ರು
ಅವರಿಗೆ ಹೇಳಿ, ಈ ಪ್ರಶ್ನೆ ದೊಡ್ಡ ದೊಡ್ಡವರ ತಲೆ ತಿಂದಿದೆ.

1946ರಲ್ಲಿ ಸ್ಟಾನಿಸ್ಲಾವ್ ಉಲಂ ಅನ್ನುವ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಮನೆಯಲ್ಲಿದ್ದರು. ಅಣುಬಾಂಬ್ ಮಾಡಿದ ಲಾಸ್ ಅಲಮೋಸ್‌ನಲ್ಲಿ ಕೆಲಸ ಮಾಡಿದ್ದವರು. ನಿಮ್ಮ ತಂದೆಯವರ ಹಾಗೇ ಹೊತ್ತು ಕಳೆಯಲು ಸಾಲಿಟೇರ್ ಆಡುತ್ತಿದ್ದರು, ಕ್ಯಾನ್‌ಫೀಲ್ಡ್ ಅಂತ ಇನ್ನೊಂದು ಬಗೆ. 52 ಎಲೆ ಹಾಕಿದರೆ ಆಟ ಗೆಲ್ಲುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಲು ಹೋದರು. ಆಗಲಿಲ್ಲ. ಅಷ್ಟು ಬಗೆಯಲ್ಲಿ ಎಲೆ ಬೀಳಬಹುದು, 8ರ ಮುಂದೆ 67 ಸೊನ್ನೆ ಹಾಕಿದಷ್ಟು. ಆಗ ಅವರಿಗೆ ಹೊಳೆಯಿತು: ಸೂತ್ರ ಯಾಕೆ ಬೇಕು? ಸುಮ್ನೆ ನೂರು ಸಲ ಎಲೆ ಹಾಕಿ ಆಡಿ, ಎಷ್ಟು ಗೆದ್ದೆವು ಅಂತ ಎಣಿಸಿದರೆ ಆಯಿತಲ್ಲ! ಇದನ್ನು ಇನ್ನೊಬ್ಬ ಗಣಿತಜ್ಞ ಜಾನ್ ವಾನ್ ನ್ಯೂಮನ್ ಅವರಿಗೆ ಹೇಳಿದರು. ಅಣುಬಾಂಬಿನ ವಸ್ತುವಿನೊಳಗೆ ನ್ಯೂಟ್ರಾನ್ ಹೇಗೆ ಓಡಾಡುತ್ತದೆ ಅನ್ನುವ ಲೆಕ್ಕವನ್ನು ಹೀಗೇ ಕಂಪ್ಯೂಟರಿನಲ್ಲಿ ಮಾಡಿದರು. ಇವತ್ತು ಎಲ್ಲಾ ಕಡೆ ಬಳಸುವ ಮಾಂಟೆ ಕಾರ್ಲೊ ವಿಧಾನ ಇದೇ. ಡೈರಿಯಲ್ಲಿ 41 ಆಟ ಬರೆದಿಟ್ಟಿದ್ದಾರಲ್ಲ ನಿಮ್ಮ ತಂದೆ, ಅವರು ಮಾಡುತ್ತಿರುವುದೂ ಅದೇ.

ಈಗ ಉತ್ತರ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಿಂದ ಅಪಾರ ಆಟ ಆಡಿಸಿ ನೋಡಿದ್ದಾರೆ. ಮೂರು ಮೂರು ಎಲೆ, ಸುತ್ತಿಗೆ ಮಿತಿ ಇಲ್ಲ. ಗೆಲ್ಲಲು ದಾರಿ ಇರುವ ಹಂಚಿಕೆ 100ಕ್ಕೆ ಸುಮಾರು 82. ಆದರೆ ಇದು ಬೋರಲು ಎಲೆಯೂ ಗೊತ್ತಿದ್ದರೆ. ನಮಗೆ ಗೊತ್ತಿಲ್ಲವಲ್ಲ. ಮನುಷ್ಯರು ಗೆಲ್ಲುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದರೂ 41ಕ್ಕೆ ಸೊನ್ನೆ ಅಂದರೆ... ಸ್ವಲ್ಪ ವಿಚಿತ್ರ.

ತುಂಗೆ ತೀರ
ಕೆಲವು ಹಂಚಿಕೆ ಹುಟ್ಟುವಾಗಲೇ ಸತ್ತಿರುತ್ತೆ. ಒಂದು ಉದಾಹರಣೆ. ಏಳನೇ ಸಾಲಿನ ತುದಿಯಲ್ಲಿ ಆಟೀನ್ ನಾಲ್ಕು ಇದೆ ಅನ್ನಿ. ಅದು ಅಲ್ಲಿಂದ ಏಳಬೇಕಾದರೆ ಕಪ್ಪು ಐದರ ಮೇಲೆ ಹೋಗಬೇಕು, ಇಲ್ಲವೇ ಮನೆಗೆ ಹೋಗಬೇಕು. ಎರಡೂ ಕಪ್ಪು ಐದು ಮತ್ತು ಆಟೀನ್ ಎಕ್ಕ ಮೂರೂ ಅದೇ ಸಾಲಿನಲ್ಲಿ ಅದರ ಕೆಳಗೇ ಬೋರಲು ಬಿದ್ದಿದ್ದರೆ? ಮುಗೀತು. ಬ್ರಹ್ಮ ಬಂದರೂ ಆಗಲ್ಲ. ಆದರೆ ನಮಗೆ ಕಾಣುವುದಿಲ್ಲ, ಅರ್ಧ ಗಂಟೆ ಗುದ್ದಾಡುತ್ತೇವೆ.

ಅಪ್ಪನಿಗೆ ಇದನ್ನು ತೋರಿಸಿ. ತಲೆಗೂ ಇದಕ್ಕೂ ಸಂಬಂಧವಿಲ್ಲ.

ನೈಟ್ ಶಿಫ್ಟ್
ಫ್ರೀಸೆಲ್‌ಗೆ ಬನ್ನಿ ಗುರೂ. ಅದೂ ಒಂದೇ ಪ್ಯಾಕು. 52 ಎಲೆಯೂ ಅಂಗಾತ, ಎಂಟು ಸಾಲು, ನಾಲ್ಕು ಎಲೆ ತಾತ್ಕಾಲಿಕವಾಗಿ ಇಡಲು ಜಾಗ. ಮುಚ್ಚುಮರೆ ಇಲ್ಲ. 1978ರಲ್ಲಿ ಪಾಲ್ ಆಲ್ಫಿಲ್ ಅನ್ನುವವರು ಇದನ್ನು ಕಂಪ್ಯೂಟರಿಗೆ ಮಾಡಿದರು. ಹಳೆ ವಿಂಡೋಸಿನಲ್ಲಿ 32,000 ಹಂಚಿಕೆಗೆ ನಂಬರ್ ಹಾಕಿ ಕೊಟ್ಟಿದ್ದರು. ಅದರಲ್ಲಿ ಗೆಲ್ಲಲಾಗದ್ದು ಒಂದೇ, 11982. ಸೋತರೆ ತಪ್ಪು ನಮ್ಮದೇ ಅಂತ ಲೆಕ್ಕ.

ತುಂಗೆ ತೀರ
ಬೇಜಾರಾಗಿರುವವರಿಗೆ "ತಪ್ಪು ನಿಮ್ಮದೇ" ಅನ್ನುವ ಆಟ ಕೊಡ್ತೀರಾ? ಚೆನ್ನಾಗಿದೆ.

ಅಗ್ರಹಾರ ಸರ್ಕಲ್
ಗೆಲುವು ಸೋಲು ಬಿಟ್ಟು ಅಂಕ ಇಟ್ಟುಕೊಳ್ಳಲಿ. ಕ್ಯಾಸಿನೋ ಲೆಕ್ಕ ಒಂದಿದೆ. ಆಟ ಶುರುಮಾಡಲು 52 ಡಾಲರ್ ಕಟ್ಟಬೇಕು, ಮನೆಗೆ ಏರಿದ ಪ್ರತಿ ಎಲೆಗೆ 5 ಡಾಲರ್ ವಾಪಸ್. ಡಾಲರ್ ಬದಲು ಹುಣಸೆ ಬೀಜ. ಹನ್ನೊಂದು ಎಲೆ ಏರಿಸಿದರೆ 55, ಮೂರು ಬೀಜ ಲಾಭ! ಪೂರ್ತಿ ಗೆಲ್ಲದಿದ್ದರೂ ದಿನಕ್ಕೊಂದಿಷ್ಟು ಸಂಪಾದನೆ ಆಗುತ್ತೆ.

ಮತ್ತೆ, ಕಲೆಸುವುದು ಸರಿಯಾಗಿ ಆಗುತ್ತಿದೆಯಾ? ಒಂದು ಆಟ ಮುಗಿದಾಗ ಎಲೆಗಳು ಕೆಂಪು ಕಪ್ಪು ಜೋಡಿಸಿಕೊಂಡೇ ಇರುತ್ತವೆ. ಸುಮ್ನೆ ಎರಡು ಸಲ ಮೇಲೆ ಕೆಳಗೆ ಮಾಡಿದರೆ ಸಾಲದು. ಎರಡು ಭಾಗ ಮಾಡಿ ಪಟಪಟ ಅಂತ ಹೆಣೆಯುವ ಬಗೆಯಲ್ಲಿ ಏಳು ಸಲ ಬೇಕು ಅಂತ 1992ರಲ್ಲಿ ಬೇಯರ್ ಮತ್ತು ಡಯಾಕೋನಿಸ್ ಅನ್ನುವ ಗಣಿತಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ವಯಸ್ಸಾದ ಕೈಗೆ ಅದು ಕಷ್ಟವಾದರೆ ಚಾಪೆ ಮೇಲೆ ಹರಡಿ ಎರಡೂ ಕೈಯಲ್ಲಿ ಒಂದು ನಿಮಿಷ ಕಲೆಸಲಿ. ಚಿತ್ರಾನ್ನ ಕಲೆಸಿದ ಹಾಗೆ.

ಹಾಸನದ ಹುಡುಗ
ಹುಣಸೆ ಬೀಜದ ಐಡಿಯಾ ಸೂಪರ್. ಅಮ್ಮ ಡಬ್ಬಿ ತೆಗೆದುಕೊಟ್ಟರು. ನಿನ್ನೆ ನಾಲ್ಕು ಆಟಕ್ಕೆ ಅಪ್ಪನಿಗೆ 47 ಬೀಜ ಲಾಭ. ಮುಖ ಅರಳಿತು.

ಇನ್ನೊಂದು ಸಣ್ಣ ಪ್ರಶ್ನೆ, ಅಪ್ಪ ಕೇಳು ಅಂದರು. ಮೂರು ಮೂರು ತೆರೆಯುತ್ತಾ ಹೋದಾಗ ಕಟ್ಟಿನ ಕೊನೆಯಲ್ಲಿ ಎರಡೇ ಎಲೆ ಉಳಿಯುತ್ತೆ. ಆಗ ಅದರ ಮೇಲಿನದನ್ನು ಆಡಬಹುದಾ?

ನೈಟ್ ಶಿಫ್ಟ್
ಆಡಬಹುದು. ಕೊನೆಯಲ್ಲಿ ಉಳಿದದ್ದು ಒಂದಾದರೂ ಎರಡಾದರೂ ಮೇಲಿನದು ಆಟಕ್ಕೆ ಸಿಗುತ್ತೆ.

ಮೇಷ್ಟ್ರು
ಸರಿ. ಕಟ್ಟಿನಿಂದ ಒಂದು ಎಲೆ ಆಡಿದ ಮೇಲೆ 23 ಉಳಿಯುತ್ತದೆ, ಹಾಗಾಗಿ ಮುಂದಿನ ಸುತ್ತಿನ ಕೊನೆಗೆ ಎರಡು.

ಹಾಸನದ ಹುಡುಗ
ಇಲ್ಲ ಸರ್, ಮೊದಲನೇ ಸುತ್ತಿನಲ್ಲೇ. ಇವತ್ತು ಬೆಳಿಗ್ಗೆಯ ಆಟದಲ್ಲಿ ಕಟ್ಟಿನಿಂದ ಒಂದೂ ಎಲೆ ಆಡಲು ಬರಲಿಲ್ಲ. ಹಾಗೇ ಪೂರ್ತಿ ತೆರೆದೆವು. ಕೊನೆಗೆ ಎರಡೇ ಇತ್ತು.

ಮೇಷ್ಟ್ರು
ಒಂದು ನಿಮಿಷ.

ಸಾಲುಗಳಲ್ಲಿ 28 ಎಲೆ ಸರಿಯಾಗಿದೆಯಾ?

ಹಾಸನದ ಹುಡುಗ
ಈಗಲೇ ನೋಡಿದೆ. ಒಂದು, ಎರಡು, ಮೂರು... ಏಳರವರೆಗೆ ಸರಿಯಾಗಿದೆ. 28.

ಮೇಷ್ಟ್ರು
ಹಾಗಾದರೆ ಕಟ್ಟಿನಲ್ಲಿ 24 ಇರಬೇಕು. 24 ಅನ್ನು ಮೂರರಿಂದ ಭಾಗಿಸಿದರೆ ಏನೂ ಉಳಿಯಬಾರದಲ್ಲ? ಎಲೆ ಎಣಿಸಿದ್ದೀರಾ? ನಾನು ಮೊದಲ ದಿನವೇ ಬರೆದಿದ್ದೆ.

ಎಲೆ ಅಡಿಕೆ
ಅಯ್ಯಯ್ಯೋ.

ತುಂಗೆ ತೀರ
ಅಯ್ಯೋ ದೇವರೇ, 41 ಆಟ!

ಹಾಸನದ ಹುಡುಗ
51.

ಮೂರು ಸಲ ಎಣಿಸಿದೆವು. ಅಪ್ಪ ಜಾತಿ ಬೇರೆ ಮಾಡಿ ಸಾಲಾಗಿ ಇಟ್ಟರು. ಕಳಾವರ್ ಏಳು ಇಲ್ಲ. ಎಣಿಸಿ ಅಂತ ನೀವು ಬರೆದದ್ದನ್ನು ನಾನು ಓದಿ ಹೇಳಲೇ ಇಲ್ಲ ಮೇಷ್ಟ್ರೇ, ನೇರ ಏಳು ಸಾಲಿಗೆ ಹೋಗಿಬಿಟ್ಟೆ. ಕ್ಷಮಿಸಿ.

ನೈಟ್ ಶಿಫ್ಟ್
ಕಳಾವರ್ ಮನೆ ಯಾವತ್ತೂ ಆರರ ಮೇಲೆ ಹೋಗಲೇ ಇಲ್ಲ ಅಂತ ಯಾರಿಗೂ ಅನುಮಾನ ಬರಲಿಲ್ವಾ?

ಹಾಸನದ ಹುಡುಗ
ಅಪ್ಪನನ್ನು ಕೇಳಿದೆ. "ಏಳು ಎಲ್ಲೋ ಬೋರಲು ಎಲೆಗಳ ಕೆಳಗೆ ಸಿಕ್ಕಿಕೊಂಡಿದೆ ಅಂದುಕೊಂಡಿದ್ದೆ" ಅಂದರು. ಸುಮಾರು ಆಟ ಅಲ್ಲಿಯವರೆಗೂ ಬಂದಿರಲಿಲ್ಲ, ಬೇರೆ ಕಾರಣಕ್ಕೇ ನಿಲ್ಲುತ್ತಿದ್ದವು. ಬೈಯಲೂ ಇಲ್ಲ. ತಲೆ ಸರಿಯಾಗೇ ಇದೆ ಅಂತ ಗೊತ್ತಾಯಿತಲ್ಲ, ಅದಕ್ಕೇ ಸಮಾಧಾನ. ಎರಡು ಲೋಟ ಕಾಫಿ ಕುಡಿದರು.

ಡಬ್ಲಿನ್ ಕನ್ನಡತಿ
ಒಂದು ಜೋಕರ್ ಮೇಲೆ ಪೆನ್ನಿನಲ್ಲಿ ಕಳಾವರ್ ಏಳು ಅಂತ ಬರೆದುಬಿಡಿ. ಇಲ್ಲಿನ ಅಜ್ಜಿಯ ಪ್ಯಾಕಿನಲ್ಲಿ ಹಾಗೆ ಎರಡು ಎಲೆ ಇದೆ.

ಮೇಷ್ಟ್ರು
ಬೇಡ, ಬೆನ್ನಿನ ಸವೆತದಿಂದಲೇ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಹೊಸ ಪ್ಯಾಕ್ ತನ್ನಿ.

ಹಾಸನದ ಹುಡುಗ
ಬೇಕಾಗಲಿಲ್ಲ. ಸಂಜೆ ಹಾಲಿನವನು ತಿಂಗಳ ಲೆಕ್ಕಕ್ಕೆ ಬಂದ. ಅಮ್ಮ ಹಾಲಿನ ಪುಸ್ತಕ ತೆಗೆದರು. ಪುಟಕ್ಕೆ ಗುರುತಾಗಿ ಇಟ್ಟಿದ್ದದ್ದು ಕಳಾವರ್ ಏಳು. ಯುಗಾದಿಯಿಂದಲೂ ಅಲ್ಲೇ ಇತ್ತಂತೆ.

ಎಲೆ ಅಡಿಕೆ
ಮನೆಯೊಳಗೇ ಕಳ್ಳ.

ತುಂಗೆ ತೀರ
ಅಮ್ಮನ್ನ ಏನೂ ಅನ್ನಬೇಡಿ. ಬೀಜದ ಡಬ್ಬಿ ಅವರದೇ.

ಹಾಸನದ ಹುಡುಗ
ಕೊನೆಯ ಸುದ್ದಿ. 52 ಎಲೆಯಲ್ಲಿ ಆರನೇ ಆಟ, ರಾತ್ರಿ ಹತ್ತೂಕಾಲು. ಅಪ್ಪ ಗೆದ್ದರು! ಕೊನೆಯ ರಾಜನನ್ನು ಇಡುವ ಮುಂಚೆ ಅಮ್ಮನನ್ನೂ ಎಬ್ಬಿಸಿಕೊಂಡು ಬಾ ಅಂದರು. ಎಲೆಗಳೇನೂ ಕುಪ್ಪಳಿಸಲಿಲ್ಲ. ಅಪ್ಪನೇ ಟೇಬಲ್ ಗುದ್ದಿದರು, ನಾಲ್ಕೂ ಮನೆ ಚೆಲ್ಲಾಪಿಲ್ಲಿ. ಡೈರಿಯಲ್ಲಿ ಹಳೆಯ ಪುಟಗಳಿಗೆಲ್ಲಾ ಅಡ್ಡಗೆರೆ ಎಳೆದು "ಎಲೆ ಕಡಿಮೆ" ಅಂತ ಬರೆದು ಸಹಿ ಹಾಕಿದ್ದಾರೆ. ಲೆಕ್ಕ ಈಗ 6ಕ್ಕೆ 1.

ಸೀಬೆಮರ
ಅಪ್ಪನಿಗೆ ನಮ್ಮ ಕಡೆಯಿಂದಲೂ ಚಪ್ಪಾಳೆ. ಹಾಲಿನ ಪುಸ್ತಕಕ್ಕೆ ಈಗ ಗುರುತು ಏನು?

ಹಾಸನದ ಹುಡುಗ
ಜೋಕರ್.